‘ಹಯಾ’ವನ್ನು ಕನ್ನಡಕ್ಕೆ ತರುವಾಗ: ಕಾಸರಗೋಡಿನ ಮನೆಬಾಗಿಲಿಂದ

ಗಡಿನಾಡಿನ ಮುಸ್ಲಿಮರ ದಿನನಿತ್ಯದ ಬದುಕಿನಲ್ಲಿ ಲಜ್ಜೆ ಮತ್ತು ನಂಬಿಕೆ ಅಂತ ವಿಷಯ ಕೊಟ್ಟಾಗ ನಾನು ಮೊದಲು ತಡವರಿಸಿದ್ದು ‘ಲಜ್ಜೆ’ ಅನ್ನುವ ಪದದ ಹತ್ತಿರವೇ. ನಾನು ಬೆಳೆದದ್ದು ಮಂಜೇಶ್ವರದ ಕಡೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಬೆಳಿಗ್ಗೆ ಶಾಲೆಗೆ ಮುಂಚೆ ಮದರಸದಲ್ಲಿ ಅರಬಿ ಲಿಪಿಯ ಮಲಯಾಳ. ‘ಹಯಾ’ ಎಂಬ ಪದ ನಮಗೆ ಸಿಕ್ಕಿದ್ದು ಆ ಕೊನೆಯದರಲ್ಲಿ. ಅದನ್ನು ಕನ್ನಡದಲ್ಲಿ ಏನನ್ನಬೇಕು ಎಂದು ಆಗ ಯಾರೂ ಕೇಳಲಿಲ್ಲ, ಈಗ ಕೇಳಬೇಕಾಗಿದೆ.

‘ನಾಚಿಕೆ’ ಅನ್ನಬಹುದು. ಆದರೆ ಕನ್ನಡದಲ್ಲಿ ನಾಚುವವಳು ಸಾಮಾನ್ಯವಾಗಿ ಹೆಣ್ಣು. ಗಂಡಸಿಗೆ ಆ ಪದ ಬಂದರೆ ‘ನಾಚಿಕೆ ಆಗಲ್ವಾ ನಿನಗೆ’ ಅನ್ನುವ ಬೈಗುಳವಾಗಿ ಬರುತ್ತದೆ. ‘ಮಾನ’, ‘ಮರ್ಯಾದೆ’ ಅಂದರೆ ಮಾತು ಮನೆತನಕ್ಕೆ, ಊರಿನವರ ಬಾಯಿಗೆ ಹೋಗುತ್ತದೆ. ‘ಸಂಕೋಚ’ ತೀರಾ ಬಡಕಲು. ಹಳಗನ್ನಡದಲ್ಲಿ ‘ನಾಣ್’ ಇತ್ತು, ಮಲಯಾಳದಲ್ಲಿ ‘ನಾಣಂ’ ಇವತ್ತಿಗೂ ಇದೆ, ನಾವು ಕಳೆದುಕೊಂಡೆವು. ಸೊಲ್ಲಾಪುರದ ಕಡೆ ‘ಶರಮ್’ ಇದೆ, ಯಾವ ನೆಲದಲ್ಲಾದರೂ ಬೆಳೆಯುವ ಗಿಡವೊಂದಕ್ಕೆ ‘ಬೇಶರಮ್’ ಅಂತ ಹೆಸರೂ ಇಟ್ಟಿದ್ದಾರೆ. ಅದು ಬೇರೆ ವಿಷಯ.

ಅರಬಿಯಲ್ಲಿ ‘ಹಯಾ’ ಮತ್ತು ‘ಹಯಾತ್’, ಅಂದರೆ ಬದುಕು, ಇವೆರಡರ ಧಾತು ಒಂದೇ. 14ನೆಯ ಶತಮಾನದ ವಿದ್ವಾಂಸ ಇಬ್ನುಲ್ ಕಯ್ಯಿಮ್ ಇದೇ ಎಳೆ ಹಿಡಿದು, ಹೃದಯದಲ್ಲಿ ಜೀವ ಎಷ್ಟಿದೆಯೋ ಹಯಾ ಅಷ್ಟಿರುತ್ತದೆ ಎಂಬ ಅರ್ಥದಲ್ಲಿ ವಿವರಿಸುತ್ತಾರೆ. ಈಮಾನಿಗೆ ಎಪ್ಪತ್ತಕ್ಕೂ ಹೆಚ್ಚು ಕವಲುಗಳಿವೆ, ಹಯಾ ಅವುಗಳಲ್ಲಿ ಒಂದು ಎನ್ನುವ ಹದೀಸನ್ನು ಮದರಸದ ಮಕ್ಕಳೂ ಬಲ್ಲರು. ನಮ್ಮ ಕಡೆ ಹೆಚ್ಚಿನವರು ಶಾಫಿಈ ಪಂಥದವರು. ಈಮಾನ್ ಏರುತ್ತದೆ, ಇಳಿಯುತ್ತದೆ ಎಂಬುದು ಇಮಾಮ್ ಶಾಫಿಈ ಅವರ ನಿಲುವು. ಏರುವ ಇಳಿಯುವ ವಸ್ತುವಾದರೆ ಅದನ್ನು ಸಾಕಬೇಕಾಗುತ್ತದೆ, ಅಲ್ವಾ? ದನಕ್ಕೆ ಹುಲ್ಲು ಹಾಕಿದ ಹಾಗೆ, ದಿನಾ.

ಸಾಕುವುದು ಎಲ್ಲಿಂದ ಶುರು? ಬಟ್ಟೆಯಿಂದ ಅಂತ ಹೊರಗಿನವರೂ ಹೇಳುತ್ತಾರೆ, ಒಳಗಿನ ಹಲವರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಬಾಗಿಲಿನಿಂದ. ಬೇರೆಯವರ ಮನೆಗೆ ಹೋದರೆ ಸಲಾಂ ಹೇಳಿ ಅಪ್ಪಣೆ ಕೇಳಬೇಕು. ಮೂರು ಸಲ ಕೇಳಿಯೂ ಉತ್ತರ ಬರದಿದ್ದರೆ ಬೇಸರ ಮಾಡದೆ ವಾಪಸ್ ಬರಬೇಕು. ಬಾಗಿಲಿಗೆ ನೇರ ನಿಲ್ಲಬಾರದು, ಪಕ್ಕಕ್ಕೆ ಸರಿದು ನಿಲ್ಲಬೇಕು, ಒಳಗಿನದು ಕಣ್ಣಿಗೆ ಬೀಳದ ಹಾಗೆ. ಇದನ್ನು ನನ್ನ ಅಜ್ಜಿ ಕಲಿಸಿದ್ದು ಮಾತಿನಿಂದಲ್ಲ. ಹುಡುಗರಾದ ನಾವು ದಡಬಡ ಒಳಗೆ ನುಗ್ಗಿದರೆ ಅವರು ಏನೂ ಅನ್ನದೆ ಹೊರಗೆ ಕರಕೊಂಡು ಹೋಗಿ ಮತ್ತೆ ಸಲಾಂ ಹೇಳಿಸಿ ಒಳಗೆ ಬಿಡುತ್ತಿದ್ದರು. ಕೈಯಲ್ಲಿ ಮೀನಿನ ಚೀಲ ಇದ್ದರೂ ಅಷ್ಟೇ. ಕುರ್‌ಆನಿನ ಅನ್ನೂರ್ ಅಧ್ಯಾಯ ಇದನ್ನು ಮನೆಯೊಳಕ್ಕೂ ತರುತ್ತದೆ: ಬೆಳಗಿನ ನಮಾಜಿಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಇಶಾ ನಮಾಜಿನ ನಂತರ, ಈ ಮೂರು ಹೊತ್ತಿನಲ್ಲಿ ಸಣ್ಣ ಮಕ್ಕಳು ಕೂಡ ಕೇಳಿಯೇ ಒಳಗೆ ಬರಬೇಕು. ಅಂದರೆ ಮಗುವಿಗೆ ಹಯಾದ ಮೊದಲ ಪಾಠ ತನ್ನ ಮೈ ಮುಚ್ಚಿಕೊಳ್ಳುವುದಲ್ಲ, ಇನ್ನೊಬ್ಬರ ಏಕಾಂತವನ್ನು ಕಾಯುವುದು.

ಅದೇ ಅಧ್ಯಾಯದ 30 ಮತ್ತು 31ನೆಯ ವಚನಗಳ ಕ್ರಮ ನೋಡಿ. ದೃಷ್ಟಿ ತಗ್ಗಿಸಬೇಕೆಂಬ ಆಜ್ಞೆ ಮೊದಲು ಗಂಡಸರಿಗೆ, ಆಮೇಲೆ ಹೆಂಗಸರಿಗೆ. ಊರಿನ ಪ್ರವಚನಗಳಲ್ಲಿ 31ನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, 30ನ್ನು ಕೇಳಿದ್ದು ಬೆರಳೆಣಿಕೆಯಷ್ಟು. ಇದು ನನ್ನ ತಕರಾರು, ಸಂಶೋಧನೆಯ ಫಲಿತಾಂಶವಲ್ಲ.

ಈ ಜಾರುವಿಕೆಯಿಂದ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾದಿರಾಳನ್ನು ಗಂಡನಿಂದ ಬೇರೆ ಮಾಡುವುದು ಅಪ್ಪನ ಹಠ. ಆ ಹಠಕ್ಕೆ ಅವನು ಕೊಡುವ ಹೆಸರು ಏನೇ ಇರಲಿ, ಅದರಲ್ಲಿ ಹಯಾ ಇಲ್ಲ, ಇರುವುದು ಮಾನ. ನನ್ನ ಓದಿನಲ್ಲಿ ಸಾರಾ ಅವರ ಜಗಳ ನಂಬಿಕೆಯ ಜೊತೆಗಲ್ಲ, ಹೆಣ್ಣಿನ ಮೇಲೆ ಹೊರಿಸಿದ ಗಂಡಸಿನ ಮರ್ಯಾದೆಯ ಜೊತೆಗೆ. ಅವರನ್ನು ಧರ್ಮವಿರೋಧಿ ಅಂದವರೂ, ಅದಕ್ಕಾಗಿಯೇ ಹೊಗಳಿದವರೂ ಈ ವ್ಯತ್ಯಾಸವನ್ನು ಗಮನಿಸಲಿಲ್ಲ.

ಹಯಾ ಬಾಯಿ ಮುಚ್ಚಿಸುತ್ತದೆಯೇ? ಹುಡುಗಿಯರ ಓದಿನ ಪ್ರಶ್ನೆ ಬಂದಾಗಲೆಲ್ಲ ಇದು ಎದುರಾಗುತ್ತದೆ. ಇದಕ್ಕೆ ಪರಂಪರೆಯಲ್ಲೇ ಉತ್ತರವಿದೆ. ಮದೀನಾದ ಅನ್ಸಾರಿ ಹೆಂಗಸರನ್ನು ಆಯಿಷಾ ಮೆಚ್ಚಿದ್ದು, ಧರ್ಮವನ್ನು ಅರಿಯಲು ಅವರಿಗೆ ಹಯಾ ಅಡ್ಡ ಬರಲಿಲ್ಲ ಎಂಬ ಕಾರಣಕ್ಕೆ. ಅವರಲ್ಲಿ ಒಬ್ಬರಾದ ಉಮ್ಮು ಸುಲೈಮ್ ಪ್ರವಾದಿಯವರ ಬಳಿಗೇ ಬಂದು, ಹೆಂಗಸರ ದೇಹಶುದ್ಧಿಯ ಬಗ್ಗೆ, ಇವತ್ತು ನಮ್ಮ ತರಗತಿಯಲ್ಲಿ ಕೇಳಿದರೂ ಎಲ್ಲರೂ ತಲೆ ತಗ್ಗಿಸುವಂಥ ಪ್ರಶ್ನೆ ಕೇಳಿದರು. ಕೇಳುವ ಮುಂಚೆ, ಸತ್ಯದ ವಿಷಯದಲ್ಲಿ ಅಲ್ಲಾಹನಿಗೆ ಸಂಕೋಚವಿಲ್ಲ ಎಂದು ನೆನಪಿಸಿಯೇ ಕೇಳಿದರು. ಪ್ರವಾದಿ ಬೈಯಲಿಲ್ಲ, ಉತ್ತರ ಹೇಳಿದರು. ಆ ಪ್ರಶ್ನೆ, ಆ ಉತ್ತರ ಎರಡೂ ಸ್ನಾನದ ನಿಯಮಗಳ ಅಧ್ಯಾಯದಲ್ಲಿ ಇವತ್ತಿಗೂ ಪಾಠವಾಗುತ್ತಿವೆ. ಹಾಗಾಗಿ ಅನುವಾದದಲ್ಲಿ ನಾನು ‘ಹಯಾ’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಕನ್ನಡ ಪದ ಯಾರ ಬಳಿಯಾದರೂ ಇದ್ದರೆ ಈಗಲೇ ಹೇಳಿ, ಬರೆದುಕೊಳ್ಳುತ್ತೇನೆ.