ಮೂರು ತೆನೆಯಿಂದ ಬಂದ ಸಾಕೆ

1893ರಲ್ಲಿ ಜಪಾನಿನ ಈಶಾನ್ಯ ಭಾಗದಲ್ಲಿ ಚಳಿ ಅತಿಯಾಗಿ ಭತ್ತ ಕೈಕೊಟ್ಟಿತ್ತು. ಯಮಗತ ಪ್ರಾಂತ್ಯದ ಶೋನಾಯ್ ಬಯಲಿನ ರೈತ ಅಬೆ ಕಮೆಜಿಗೆ ಆಗ ಇಪ್ಪತ್ತೈದರ ಆಸುಪಾಸು. ಗುಡಿಗೆಂದು ಹೋದವನಿಗೆ ಅಲ್ಲಿನ ಗದ್ದೆಯೊಂದರಲ್ಲಿ, ಮಲಗಿಹೋಗಿದ್ದ ಪೈರಿನ ನಡುವೆ, ಮೂರೇ ಮೂರು ತೆನೆ ಕಾಳು ಕಟ್ಟಿಕೊಂಡು ನಿಂತದ್ದು ಕಂಡಿತು. ಕೇಳಿ ಪಡೆದು ತಂದ. ಬಿತ್ತಿದ, ಆರಿಸಿದ, ಮತ್ತೆ ಬಿತ್ತಿದ. ಹಾಗೆ ವರ್ಷಗಟ್ಟಲೆ ಹೆಣಗಿದ ಮೇಲೆ ನೆಲೆನಿಂತ ತಳಿಯೇ ಕಮೆನೊಓ. ಬೀಜ ಕೇಳಿ ಬಂದವರಿಗೆ ಪುಕ್ಕಟೆಯಾಗಿ ಕೊಟ್ಟನಂತೆ. ಇವತ್ತು ಜಪಾನೀಯರು ಮೆಚ್ಚಿ ಉಣ್ಣುವ ಕೊಶಿಹಿಕರಿ, ಸಸನಿಶಿಕಿ ಅಕ್ಕಿಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಈ ತಳಿಯೇ ಸಿಗುತ್ತದೆ.

ಅನ್ನಕ್ಕೂ ಸೈ, ಅಕ್ಕಿಯ ಮದ್ಯವಾದ ಸಾಕೆಗೂ ಸೈ ಎನಿಸಿಕೊಂಡಿದ್ದ ಕಮೆನೊಓ ರಾಸಾಯನಿಕ ಗೊಬ್ಬರದ ಕಾಲಕ್ಕೆ ಹೊಂದಲಿಲ್ಲ. ಎತ್ತರದ ಪೈರು, ಗೊಬ್ಬರ ಹೆಚ್ಚಾದರೆ ನೆಲಕ್ಕೊರಗುತ್ತದೆ. ಹೊಸ ತಳಿಗಳು ಬಂದವು, ಇದು ಗದ್ದೆಯಿಂದ ಮರೆಯಾಯಿತು.

ಅದನ್ನು ವಾಪಸು ಕರೆತಂದದ್ದು ನೀಗತ ಪ್ರಾಂತ್ಯದ ಕುಸುಮಿ ಸಾಕೆ ಮನೆ. ಸಾಕೆ ಇಳಿಸುವ ಮೇಸ್ತ್ರಿಗೆ ಅಲ್ಲಿ ತೊಜಿ ಎನ್ನುತ್ತಾರೆ. ಅವರ ಹಿರಿಯ ತೊಜಿ, ಎರಡನೇ ಮಹಾಯುದ್ಧಕ್ಕೂ ಮೊದಲು ಕುಡಿದಿದ್ದ ಕಮೆನೊಓ ಸಾಕೆಯ ರುಚಿಯನ್ನು ನೆನೆಯುತ್ತಲೇ ಇದ್ದರು. ಆ ಮಾತು ಮಾಲೀಕ ಕುಸುಮಿ ನೊರಿಮಿಚಿಯವರ ತಲೆಗೆ ಹೊಕ್ಕಿತು. 1980ರ ದಶಕದ ಆರಂಭದಲ್ಲಿ ಕೃಷಿ ಸಂಶೋಧನಾ ಕೇಂದ್ರದಿಂದ ಅವರಿಗೆ ದಕ್ಕಿದ್ದು 1,500 ಕಾಳು. ಮುಷ್ಟಿಯಲ್ಲಿ ಹಿಡಿಯುವಷ್ಟು! ಅದನ್ನೇ ಮೊಳೆಸಿ, ನಾಟಿ ಮಾಡಿ, ಬಂದ ಭತ್ತವನ್ನೆಲ್ಲ ಬೀಜಕ್ಕಿಟ್ಟು, ಮತ್ತೆ ಬೆಳೆದು 1983ರಲ್ಲಿ ಸಾಕೆ ಇಳಿಸಿದರು. ಒಜೆ ಅಕಿರಾ ಅವರ ಕಾಮಿಕ್ಸ್ ‘ನತ್ಸುಕೊ ನೊ ಸಾಕೆ’ಗೆ ಪ್ರೇರಣೆ ಇದೇ. ಅದರಲ್ಲಿ ಟೋಕಿಯೋದ ಜಾಹೀರಾತು ಕಂಪನಿಯ ಹುಡುಗಿ ಕೆಲಸ ಬಿಟ್ಟು ಊರಿಗೆ ಬರುತ್ತಾಳೆ, ತೀರಿಹೋದ ಅಣ್ಣ ಹುಡುಕಿ ತಂದಿದ್ದ ಭತ್ತವನ್ನು ಬೆಳೆಯುತ್ತಾಳೆ. ಸಾಕೆಯ ಬಗ್ಗೆ ಬರೆಯುವವರು ಪರಿಮಳದಲ್ಲಿ ಸೇಬು, ಕರಬೂಜ ಹುಡುಕುತ್ತಾರೆ. ನನಗೇನೋ ಗದ್ದೆಯ ಕಥೆಯೇ ಹೆಚ್ಚು ರುಚಿ.

ಸಾಕೆಗೆಂದೇ ಬೆಳೆಯುವ ಭತ್ತದ ಕಾಳು ದಪ್ಪ. ಒಳಗೆ ಹಾಲುಬಿಳುಪಿನ ಸಡಿಲ ತಿರುಳು; ಬೇಯಿಸಿದ ಅಕ್ಕಿಗೆ ಹಚ್ಚುವ ಕೋಜಿ ಎಂಬ ಬೂಷ್ಟು ಅಲ್ಲಿಗೆ ಸಲೀಸಾಗಿ ಬೇರಿಳಿಸಿ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಪ್ರೋಟೀನು, ಕೊಬ್ಬು ಹೊರಪದರದಲ್ಲಿ ಜಾಸ್ತಿ, ಅವು ರುಚಿ ಕೆಡಿಸುತ್ತವೆ. ಆದ್ದರಿಂದ ಪಾಲಿಶ್ ಮಾಡುವುದೋ ಮಾಡುವುದು. ದೈಗಿಂಜೊ ದರ್ಜೆಯ ಸಾಕೆಗೆ ಕಾಳಿನ ಅರ್ಧಕ್ಕರ್ಧ ಹಿಟ್ಟಾಗಿ ಉದುರಿಹೋಗಬೇಕು. ಅನ್ನವೇ ದೇವರು ಎಂದು ಬೆಳೆದವರಿಗೆ ಕರುಳು ಚುರುಕ್ ಎನ್ನುವ ಲೆಕ್ಕ ಇದು, ಉದುರಿದ್ದು ತಿಂಡಿಗೋ ದನದ ಮೇವಿಗೋ ಹೋಗುತ್ತದೆ ಎಂದು ಗೊತ್ತಿದ್ದರೂ.

ಸಾಕೆ ಭತ್ತದ ಲೋಕದ ರಾಜ ಯಮದಾನಿಶಿಕಿ. 1923ರಲ್ಲಿ ಹ್ಯೋಗೊ ಪ್ರಾಂತ್ಯದ ಕೃಷಿ ಕೇಂದ್ರದಲ್ಲಿ ಅಡ್ಡತಳಿಯಾಗಿ ಹುಟ್ಟಿ, 1936ರಲ್ಲಿ ಹೆಸರು ಪಡೆಯಿತು. ಅರ್ಧಕ್ಕಿಂತ ಹೆಚ್ಚು ಪಾಲು ಈಗಲೂ ಹ್ಯೋಗೊದ್ದೇ. ಅಲ್ಲಿ ಕೆಲವು ಹಳ್ಳಿಗಳಿಗೂ ಸಾಕೆ ಮನೆಗಳಿಗೂ ತಲೆಮಾರುಗಳ ಒಪ್ಪಂದ: ಊರಿನ ಸಾಕೆ ಭತ್ತ ಅವರಿಗೆ. ಇಷ್ಟು ಮೆರೆಯುವ ಈ ತಳಿಯೂ ಉದ್ದ ಪೈರಿನದೇ. ಕುಯ್ಲಿನ ಹೊತ್ತಿಗೆ ಬಿರುಗಾಳಿ ಬಂದರೆ ರೈತನಿಗೆ ನಿದ್ದೆಯಿಲ್ಲ.

ಜಪಾನಿನಲ್ಲಿ ಸಾಕೆ ಕುಡಿಯುವುದು 1973ರಿಂದ ಕಡಿಮೆಯಾಗುತ್ತಲೇ ಬಂದಿದೆ. ಆಗಿನ ಮಾರಾಟದ ಕಾಲುಭಾಗವೂ ಈಗಿಲ್ಲ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಸಾಕೆ ಇಳಿಸುವ ವಿದ್ಯೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಹೊತ್ತಿಗೆ ಊಟದ ಅಕ್ಕಿಯ ಬೆಲೆ ಜಪಾನಿನಲ್ಲಿ ಗಗನಕ್ಕೇರಿತು. ಸುಲಭವಾಗಿ ಬೆಳೆಯುವ, ಎಕರೆಗೆ ಹೆಚ್ಚು ಇಳುವರಿ ಕೊಡುವ ಅಕ್ಕಿಗೇ ಒಳ್ಳೆಯ ದುಡ್ಡು ಸಿಗುವಾಗ ಸಾಕೆ ಭತ್ತ ಯಾರಿಗೆ ಬೇಕು? ಹಲವರು ಊಟದ ಅಕ್ಕಿಗೆ ಹೊರಳಿದ್ದಾರೆ. ಅಲ್ಲಿನ ರೈತರ ಸರಾಸರಿ ವಯಸ್ಸು 70ರ ಹತ್ತಿರ. ಬೀಜವೇನೋ ಕೇಂದ್ರಗಳಲ್ಲಿ ಜೋಪಾನವಾಗಿದೆ, ಕಮೆನೊಓದಂಥದ್ದೂ. ಬೀಳುವ ಪೈರನ್ನು ಕಾಯುತ್ತ ಗದ್ದೆಯ ಬದುವಿನಲ್ಲಿ ನಿಲ್ಲುವ ಆಸಾಮಿಗಳೇ ಕಡಿಮೆಯಾಗುತ್ತಿದ್ದಾರೆ.