ತಂಬೂರಿಯೇ ಒರೆಗಲ್ಲು

ಹಾಡು ಕೇಳಿಸುವ ಯಂತ್ರದ ಗುಣವನ್ನು ನಿರ್ಣಯಿಸುವುದು ಹೇಗೆ? ಗಟ್ಟಿಯಾಗಿ ಕೇಳಿಸುವುದೇ ಉತ್ತಮವೆಂದು ಬಹುಮಂದಿಯ ಭಾವನೆ. ಎರಡು ಯಂತ್ರಗಳ ದನಿಯನ್ನು ಸಮಮಟ್ಟಕ್ಕೆ ತಂದು ಹೋಲಿಸದಿದ್ದರೆ, ತುಸು ಗಟ್ಟಿಯಾದುದಕ್ಕೇ ಕಿವಿ ಸೋಲುತ್ತದೆ. ಯಂತ್ರವನ್ನು ಯಂತ್ರದಿಂದಲೇ ಅಳೆಯಲಾಗದು. ಅನುವಾದವನ್ನು ಮೂಲದೊಡನಿಟ್ಟು ನೋಡುವಂತೆ, ಮುದ್ರಿತ ನಾದವನ್ನು ಧ್ವನಿವರ್ಧಕದ ಹಂಗಿಲ್ಲದ ನಾದದೊಡನಿಟ್ಟೇ ತೂಗಬೇಕು.

ಗದಗ-ಬೆಟಗೇರಿಯವರಿಗೆ ಆ ಮೂಲ ದೂರದ್ದಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು 1944ರವರೆಗೆ, ಅನಂತರ ಪುಟ್ಟರಾಜ ಗವಾಯಿಗಳು 2010ರವರೆಗೆ ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದರು. ಕಿವಿಯೇ ಕಣ್ಣಾದ ಪರಂಪರೆ ಅದು.

ನಾನು ಮೂರು ಪರೀಕ್ಷೆಗಳನ್ನು ನಂಬುತ್ತೇನೆ. ಮೊದಲನೆಯದು ತಂಬೂರಿ. ಕುದುರೆಯ ಮೇಲೆ ತಂತಿಯಡಿ ಸರಿಸಿದ ನೂಲಿನೆಳೆಯಿಂದ ಜವಾರಿ ಹುಟ್ಟುತ್ತದೆ. ಮೂಲಸ್ವರದ ಮೇಲೆ ಉಪಸ್ವರಗಳ ಗೊಂಚಲು ಅರಳುತ್ತದೆ. ಕೆಟ್ಟ ಯಂತ್ರದಲ್ಲಿ ಅದು ಬರಿಯ ಝೇಂಕಾರ. ಗಂಡುದನಿಯ ತಂಬೂರಿಯ ಖರ್ಜದ ತಂತಿ ಸೆಕೆಂಡಿಗೆ ಸುಮಾರು 70 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್ ಅದನ್ನು ಹೊರಡಿಸಲಾರದು. ಉಪಸ್ವರಗಳಿಂದ ಕಿವಿಯೇ ಅದನ್ನು ಊಹಿಸಿಕೊಳ್ಳುತ್ತದೆ. ಸ್ವರ ತಪ್ಪುವುದಿಲ್ಲ, ಗಾಂಭೀರ್ಯ ಮಾತ್ರ ಬರುವುದಿಲ್ಲ. ಎರಡನೆಯದು ತಬಲಾ: ಬೆರಳಿನ ಪೆಟ್ಟು ಚುರುಕಾಗಿರಬೇಕು, ಡಗ್ಗಾದ ಮೀಂಡು ಮಸುಕಾಗದೆ ಜಾರಬೇಕು. ಮೂರನೆಯದು ಕಂಠ: ಉಸಿರು, ಅಕ್ಷರದ ಅಂಚು, ಸ್ವರ ನಿಂತ ಮೇಲೆ ಉಳಿಯುವ ಅನುರಣನ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಕಲ್ಲುಮಂಟಪದಲ್ಲಿ ಹಾಡಿದ ದನಿ ಮನೆಯ ಕೋಣೆಯ ದನಿಯಲ್ಲ. ಒಳ್ಳೆಯ ಯಂತ್ರ ಹಾಡಿನೊಡನೆ ಹಾಡಿದ ಜಾಗವನ್ನೂ ತರುತ್ತದೆ.

ಆದರೆ ಅಳತೆಗೋಲೇ ಡೊಂಕಾಗುವುದುಂಟು. ಅಮೆರಿಕದಲ್ಲಿ 1915ರಿಂದ ಎಡಿಸನ್ ಕಂಪನಿ ಗಾಯಕರನ್ನು ಫೋನೋಗ್ರಾಫಿನ ಪಕ್ಕದಲ್ಲಿ ಹಾಡಿಸಿ, ದೀಪವಾರಿಸಿ, ಯಾವುದು ಕಂಠ ಯಾವುದು ಯಂತ್ರವೆಂದು ಸಭೆಯನ್ನು ಕೇಳುತ್ತಿತ್ತು. ಅನೇಕರು ಗುರುತಿಸಲಾರದೆ ಹೋದರು. ತಾನು ಯಂತ್ರದ ದನಿಗೆ ತಕ್ಕಂತೆ ಕಂಠವನ್ನು ಹೊಂದಿಸಿಕೊಂಡು ಹಾಡಿದ್ದಾಗಿ ಗಾಯಕಿ ಅನ್ನಾ ಕೇಸ್ ದಶಕಗಳ ಬಳಿಕ ಹೇಳಿದರು. ಯಂತ್ರ ಮನುಷ್ಯನನ್ನು ಮುಟ್ಟಿರಲಿಲ್ಲ, ಮನುಷ್ಯನೇ ಯಂತ್ರದತ್ತ ಇಳಿದಿದ್ದ. ಇಂದು ನಮ್ಮ ಜಾತ್ರೆ, ಉತ್ಸವಗಳ ಕಚೇರಿಗಳೂ ಧ್ವನಿವರ್ಧಕದ ಮೂಲಕವೇ ಬರುತ್ತವೆ. ಅದನ್ನೇ ಮೂಲವೆಂದು ತಿಳಿದು ಬೆಳೆಯುವ ಮಗುವಿನ ಬಳಿ ಹೋಲಿಸುವುದಕ್ಕೆ ಏನಿದ್ದೀತು? ನನ್ನ ಆತಂಕ ಇದೊಂದೇ.

ಹಾಗೆಂದು ಯಂತ್ರವನ್ನು ಹಳಿಯಲಾರೆ. ಗದಗಿನ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಠುಮರಿ ಕೆಲವೇ ನಿಮಿಷಗಳ ಗ್ರಾಮಫೋನ್ ತಟ್ಟೆಯಲ್ಲಿತ್ತು. ತಂಬೂರಿಯ ಸೂಕ್ಷ್ಮಗಳೆಷ್ಟೋ ಆ ತಟ್ಟೆಗೆ ದಕ್ಕುವಂತಿರಲಿಲ್ಲ. ಆದರೂ ಅದರ ಸೆಳೆತಕ್ಕೆ ಸಿಕ್ಕ ಬಾಲಕ 1933ರಲ್ಲಿ, 11ರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟ. ಕೊನೆಗೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಮುಂದೆ ಕುಳಿತ. ತಟ್ಟೆ ದಾರಿ ತೋರಿಸಿತು. ವಿದ್ಯೆ ದೊರೆತದ್ದು ಜೀವಂತ ಕಂಠದಿಂದ.

ಆದ್ದರಿಂದ ಹೊಸ ಯಂತ್ರ ಕೊಳ್ಳುವ ಮುನ್ನ ಶಿರಹಟ್ಟಿಯಲ್ಲೋ ಮುಂಡರಗಿಯಲ್ಲೋ ಧ್ವನಿವರ್ಧಕವಿಲ್ಲದೆ ಭಜನೆಗೆ ಕುಳಿತವರ ನಡುವೆ ಒಂದು ಸಂಜೆ ಕಳೆಯಿರಿ, ಮಕ್ಕಳನ್ನೂ ಕರೆದೊಯ್ಯಿರಿ. ಮರುದಿನ ಅಂಗಡಿಗೆ ಹೋದಾಗ ಬೆಲೆಚೀಟಿಗಿಂತ ನಿಮ್ಮ ಕಿವಿ ಹೆಚ್ಚು ತಿಳಿದಿರುತ್ತದೆ.