ರತ್ನಗಂಬಳಿ ಕೊಳ್ಳುವ ಮುನ್ನ

ಹಬ್ಬದ ದಿನಗಳು ಸಮೀಪಿಸಿದುವೆಂದರೆ ತ್ಯಾಗರಾಯ ನಗರದ ಪಾಂಡಿ ಬಜಾರಿನಲ್ಲಿಯೂ ಉಸ್ಮಾನ್ ರಸ್ತೆಯಲ್ಲಿಯೂ ಕಾಲಿಡಲು ಎಡೆ ಸಿಗುವುದು ಕಷ್ಟ. ಸೀರೆ, ಪಾತ್ರೆ, ಒಡವೆಗಳೊಡನೆ ಮನೆಯ ನೆಲಕ್ಕೆ ಹಾಸುವ ರತ್ನಗಂಬಳಿಯನ್ನೋ ಜಮಖಾನವನ್ನೋ ಕೊಳ್ಳಲು ಹೊರಟವರೂ ಆ ಜನಸಂದಣಿಯಲ್ಲಿರುತ್ತಾರೆ. ಸೀರೆಯ ಸೆರಗನ್ನು ಬಿಚ್ಚಿ ನೋಡದೆ ಕೊಳ್ಳದ ಗೃಹಿಣಿಯೂ, ಒಡವೆಯನ್ನು ತೂಗಿಸದೆ ಹಣ ಕೊಡದ ಯಜಮಾನನೂ ನೆಲಹಾಸಿನ ವಿಷಯ ಬಂದಾಗ ಮಾತ್ರ “ನಮ್ಮ ಹಜಾರ ಸುಮಾರು ಇಷ್ಟಿದೆ” ಎಂದು ಕೈಯಗಲಿಸಿ ತೋರಿಸಿ ಸುಮ್ಮನಾಗುವುದುಂಟು. ಆ ‘ಸುಮಾರು’ ಎಂಬ ಮಾತಿಗೆ ತೆರಬೇಕಾದ ಬೆಲೆ ಅಲ್ಪವಲ್ಲ.

ಮೊದಲು ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಿಕೊಳ್ಳತಕ್ಕದ್ದು. ಫ್ಲ್ಯಾಟಿನ ಪತ್ರಗಳಲ್ಲಿ ‘ಕಾರ್ಪೆಟ್ ಏರಿಯಾ’ ಎಂದು ನಮೂದಾಗಿರುವ ಅಂಕಿಯು ರತ್ನಗಂಬಳಿಯ ಲೆಕ್ಕವಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಕಾರ ಅದು ಮನೆಯೊಳಗಿನ ಉಪಯುಕ್ತ ನೆಲದ ವಿಸ್ತೀರ್ಣ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳು ಅದರಲ್ಲಿ ಸೇರುವುದಿಲ್ಲ. ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಅಡುಗೆಮನೆ, ಬಚ್ಚಲುಗಳೂ ಅದರೊಳಗೇ ಇವೆ. ಅಡ್ಡಗೋಡೆಯ ಕೆಳಗಾಗಲಿ ಬಚ್ಚಲಿನಲ್ಲಾಗಲಿ ಯಾರೂ ರತ್ನಗಂಬಳಿ ಹಾಸುವುದಿಲ್ಲವಷ್ಟೆ. ಇನ್ನು ಮೆಟ್ಟಿಲು, ಲಿಫ್ಟುಗಳ ಪಾಲನ್ನೂ ಕೂಡಿಸಿ ಹೇಳುವ ‘ಸೂಪರ್ ಬಿಲ್ಟ್-ಅಪ್’ ಅಂಕಿಯಂತೂ ಈ ಕೆಲಸಕ್ಕೆ ಸ್ವಲ್ಪವೂ ಒದಗದು. ಆದುದರಿಂದ ಪತ್ರವನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ಅಳತೆಯ ಟೇಪನ್ನು ಕೈಗೆತ್ತಿಕೊಳ್ಳುವುದು ಯುಕ್ತ.

ಕೋಣೆಯ ಉದ್ದವನ್ನು ಎರಡು ಕಡೆಯಲ್ಲಿ, ಅಗಲವನ್ನೂ ಎರಡು ಕಡೆಯಲ್ಲಿ ಅಳೆಯಬೇಕು. ಕಣ್ಣಿಗೆ ನೇರವಾಗಿ ಕಾಣುವ ಗೋಡೆಗಳು ಒಂದೆರಡು ಅಂಗುಲ ಓರೆಯಾಗಿರುವುದು ಅಪರೂಪವಲ್ಲ. ಗೋಡೆಯಿಂದ ಗೋಡೆಗೆ ಹಾಸುವುದಾದರೆ ದೊಡ್ಡ ಅಳತೆಯನ್ನೇ ಹಿಡಿದು, ಅಂಚನ್ನು ಕತ್ತರಿಸಿ ಕೂಡಿಸಲು ಪ್ರತಿ ತುಂಡಿಗೂ ಮೂರು ನಾಲ್ಕು ಅಂಗುಲ ಹೆಚ್ಚಾಗಿಡಬೇಕು. ಬಾಗಿಲ ಸಂದು, ಗೋಡೆಯ ಗೂಡುಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು.

ಉದ್ದವನ್ನು ಅಗಲದಿಂದ ಗುಣಿಸಿದರೆ ಲೆಕ್ಕ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ನಷ್ಟವಾಗುವುದು ಇಲ್ಲಿಯೇ. ಗೋಡೆಯಿಂದ ಗೋಡೆಗೆ ಹಾಸುವ ಗಂಬಳಿಯು ಸುರುಳಿಯಾಗಿ ಬರುತ್ತದೆ. ಸುರುಳಿಯ ಅಗಲ ಸಾಮಾನ್ಯವಾಗಿ 12 ಅಡಿ ಅಥವಾ 4 ಮೀಟರು. ನಾವು ಕೊಳ್ಳುವುದು ಆ ಸುರುಳಿಯ ಪೂರ್ಣ ಅಗಲವನ್ನೇ ಹೊರತು ನಮಗೆ ಬೇಕಾದಷ್ಟು ಅಗಲವನ್ನಲ್ಲ.

ಉದಾಹರಣೆಗೆ, ಹಜಾರವು 16 ಅಡಿ ಉದ್ದ, 13 ಅಡಿ ಅಗಲವಿದೆಯೆನ್ನೋಣ. ವಿಸ್ತೀರ್ಣ 208 ಚದರ ಅಡಿ. ಸುರುಳಿಯ ಅಗಲ 12 ಅಡಿಯಾದರೆ ಒಂದು ಬದಿಯಲ್ಲಿ ಒಂದು ಅಡಿಯ ಪಟ್ಟಿ ಬರಿದಾಗಿ ಉಳಿಯುತ್ತದೆ. ಅದನ್ನು ಅಖಂಡವಾದ ಒಂದೇ ಪಟ್ಟಿಯಿಂದ ತುಂಬಬೇಕೆಂದರೆ ಇನ್ನೂ 16 ಅಡಿ ಸುರುಳಿಯನ್ನು ಕೊಳ್ಳಬೇಕು. ಒಟ್ಟು 384 ಚದರ ಅಡಿಯಾಯಿತು. ನಾಲ್ಕು ನಾಲ್ಕು ಅಡಿಯ ನಾಲ್ಕು ತುಂಡುಗಳನ್ನು ಜೋಡಿಸಿಕೊಂಡರೆ 240 ಚದರ ಅಡಿ ಸಾಕು, ಆದರೆ ಜೋಡಣೆಯ ಗೆರೆಗಳು ಹೆಚ್ಚುತ್ತವೆ. ತುಂಡುಗಳನ್ನು ಅಡ್ಡಡ್ಡಲಾಗಿ ತಿರುಗಿಸಿ ಉಳಿತಾಯ ಮಾಡುವಂತೆಯೂ ಇಲ್ಲ. ಗಂಬಳಿಯ ಎಳೆಗಳು ಒಂದು ದಿಕ್ಕಿಗೆ ಒರಗಿರುವುದರಿಂದ ದಿಕ್ಕು ಬದಲಾದೊಡನೆ ಬಣ್ಣವೇ ಬೇರೆಯಾದಂತೆ ಕಾಣುತ್ತದೆ. ಅದೇ ಹಜಾರಕ್ಕೆ 4 ಮೀಟರಿನ, ಎಂದರೆ 13 ಅಡಿ ಒಂದೂವರೆ ಅಂಗುಲದ ಸುರುಳಿ ದೊರೆತರೆ, ಗೋಡೆಗಳು ನೇರವಾಗಿದ್ದಲ್ಲಿ, ಸುಮಾರು 210 ಚದರ ಅಡಿಯ ಒಂದೇ ತುಂಡಿನಲ್ಲಿ ಕೆಲಸ ಮುಗಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯಲ್ಲ, ಸುರುಳಿಯ ಅಗಲ. ಎರಡನೆಯ ಪ್ರಶ್ನೆ, ಹೇಳಿದ ಬೆಲೆ ಚದರ ಅಡಿಗೋ ಚದರ ಮೀಟರಿಗೋ ಎಂಬುದು. ಒಂದು ಚದರ ಮೀಟರು ಸುಮಾರು 10.76 ಚದರ ಅಡಿಗೆ ಸಮ.

ಇದಕ್ಕಿಂತ ಮಿತವ್ಯಯದ ಮಾರ್ಗವೊಂದುಂಟು. ಸುತ್ತಲೂ ಅರ್ಧ ಅಡಿ ನೆಲವನ್ನು ಬಿಟ್ಟು ಹಾಸಿದರೆ ಅದೇ ಹಜಾರಕ್ಕೆ 15 ಅಡಿ ಉದ್ದ, 12 ಅಡಿ ಅಗಲದ ಒಂದೇ ತುಂಡು, 180 ಚದರ ಅಡಿ, ಸಾಕಾಗುತ್ತದೆ. ಜೋಡಣೆಯಿಲ್ಲ, ವ್ಯರ್ಥವಿಲ್ಲ, ಎತ್ತಿ ಕೊಡವಲೂ ಬರುತ್ತದೆ.

ಎತ್ತಲು ಬರುವುದೆಂಬುದು ಈ ಊರಿನಲ್ಲಿ ಸಣ್ಣ ಗುಣವಲ್ಲ. ತ್ಯಾಗರಾಯ ನಗರವು 1920ರ ದಶಕದಲ್ಲಿ ಮಾಂಬಲದ ಹಳೆಯ ಕೆರೆಯ ಅಂಗಳದಲ್ಲಿ ಎದ್ದ ಬಡಾವಣೆ. 2015ರಲ್ಲಿಯೂ 2021ರ ನವೆಂಬರಿನಲ್ಲಿಯೂ ಇಲ್ಲಿನ ಬೀದಿಗಳಲ್ಲಿ ಮಳೆಯ ನೀರು ನಿಂತುದನ್ನು ನಿವಾಸಿಗಳು ಮರೆತಿಲ್ಲ. ನೆಲಮಹಡಿಯ ಮನೆಯಲ್ಲಿ ಗಂಬಳಿಯನ್ನು ಅಂಟಿಸಿಬಿಟ್ಟರೆ ಈಶಾನ್ಯ ಮಾರುತದ ಒಂದೇ ಮಳೆಗೆ ಅದೆಲ್ಲ ಹಾಳಾಗಬಹುದು. ನೀರು ನುಗ್ಗದಿದ್ದರೂ ಕಡಲ ತೇವವು ಅಡಿಯಲ್ಲಿ ಬೂಷ್ಟು ಹಿಡಿಸಲು ಸಾಕು.

ಈ ಕಾರಣದಿಂದಲೇ ನಮ್ಮ ಹಿರಿಯರ ಹತ್ತಿಯ ಜಮಖಾನವು ಇಂದಿಗೂ ಹಳೆಯದಾಗಿಲ್ಲ. ಕಾವೇರಿಯೂ ಭವಾನಿಯೂ ಕೂಡುವೆಡೆಯಲ್ಲಿರುವ ಈರೋಡು ಜಿಲ್ಲೆಯ ಭವಾನಿಯ ಜಮಖಾನ ಇಲ್ಲಿಗೆ ಹತ್ತಿರದ್ದು; ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರೇ ಮಗ್ಗದಲ್ಲಿ ಕುಳಿತು ನವಿಲಿನ ಚಿತ್ರಗಳನ್ನು ನೇಯುವ ಜಮಖಾನ ನಮ್ಮ ನಾಡಿನದು. ಎರಡಕ್ಕೂ ಭೌಗೋಳಿಕ ಸೂಚಿಕೆಯ ಮನ್ನಣೆಯುಂಟು. ಇವನ್ನು ಕೊಳ್ಳುವಾಗ ಕೋಣೆಯನ್ನಲ್ಲ, ಕುಳಿತುಕೊಳ್ಳುವ ಜನರನ್ನು ಲೆಕ್ಕಹಾಕಬೇಕು. ಚಕ್ಕಳಮಕ್ಕಳ ಹಾಕಿ ಕುಳಿತವರೊಬ್ಬರಿಗೆ ಎರಡು ಅಡಿ ಅಗಲ, ಎರಡೂವರೆ ಅಡಿ ಆಳ, ಎಂದರೆ 5 ಚದರ ಅಡಿ ಬೇಕೆಂದು ಹಿಡಿಯಬಹುದು. ಮನೆಯ ಭಜನೆಗೆ 30 ಮಂದಿ ಬರುವರೆಂದರೆ 150 ಚದರ ಅಡಿ; 9 ಅಡಿ ಉದ್ದ 6 ಅಡಿ ಅಗಲದ ಜಮಖಾನ ಮೂರಿದ್ದರೆ 162 ಚದರ ಅಡಿಯಾಗಿ ಸಾಲುತ್ತದೆ. ಕಾರ್ಯ ಮುಗಿದ ಮೇಲೆ ಮಡಿಸಿಟ್ಟರಾಯಿತು.

ಬಾಡಿಗೆ ಮನೆಯಲ್ಲಿರುವವರು ಇದನ್ನು ವಿಶೇಷವಾಗಿ ಯೋಚಿಸಬೇಕು. ಒಂದು ಕೋಣೆಯ ಅಳತೆಗೆ ಕತ್ತರಿಸಿ ಅಂಟಿಸಿದ ಗಂಬಳಿಯು ಮನೆ ಬದಲಾಯಿಸಿದಾಗ ಅಲ್ಲಿಯೇ ಉಳಿಯುತ್ತದೆ. ಜಮಖಾನವಾದರೋ ಯಜಮಾನನೊಡನೆ ಹೊರಡುತ್ತದೆ. ಯಾವುದನ್ನೇ ಆರಿಸಿಕೊಂಡರೂ ಕೋಣೆಯ ನಕ್ಷೆಯನ್ನು ಕಾಗದದ ಮೇಲೆ ಗೆರೆ ಎಳೆದು, ಅಳತೆಗಳನ್ನು ಬರೆದು ಅಂಗಡಿಗೆ ಒಯ್ಯಿರಿ. ವ್ಯಾಪಾರಿಯ ಲೆಕ್ಕದ ಪಕ್ಕದಲ್ಲಿ ನಿಮ್ಮ ಲೆಕ್ಕವೂ ಇರಲಿ. ಎರಡೂ ಹೊಂದಿದ ಮೇಲೆಯೇ ಕತ್ತರಿ ಹಾಕಲು ಹೇಳಿರಿ.